ಪರದೆ ಅಜ್ಜನ ಬಿಳಿ ಹಲಗೆ

ಬಿಳಿಯ ಬಣ್ಣ ಬಳಿಯುವುದು ಎಲ್ಲಕ್ಕಿಂತ ಸುಲಭದ ಕೆಲಸವೆಂಬ ನಂಬಿಕೆ ಲೋಕದಲ್ಲಿ ರೂಢವಾಗಿದೆ. ಯುಗಾದಿಗೆ, ದೀಪಾವಳಿಗೆ, ಮದುವೆಗೆ ಮನೆಮನೆಯಲ್ಲಿಯೂ ಸುಣ್ಣ ಕಲಸುತ್ತಾರೆ. ಯಾರ ಕೈಗೆ ಕುಂಚ ಸಿಕ್ಕಿತೋ ಅವರೇ ಆ ದಿನದ ಬಣ್ಣಗಾರರು. ಎಲ್ಲಿಯಾದರೂ ತಪ್ಪಿದರೆ ಇನ್ನೊಂದು ಕೈ ಎಳೆದರಾಯಿತು. ಆದರೆ ಯಾವ ಬಿಳುಪಿನ ಮೇಲೆ ಕೇವಲ ಬೆಳಕಿನಿಂದ ಚಿತ್ರ ಮೂಡಬೇಕಾಗಿದೆಯೋ ಆ ಬಿಳುಪನ್ನು ಸಿದ್ಧಪಡಿಸುವುದು ಎಷ್ಟು ಕಠಿಣವೆಂಬುದನ್ನು ನವಲಗುಂದ ತಾಲೂಕಿನ ಒಂದು ಹಳ್ಳಿಯ ಹಿರಿಯರು ತಮ್ಮ 80ನೆಯ ವಯಸ್ಸಿನಲ್ಲಿ ಅರಿಯಬೇಕಾಯಿತು.

ಊರಿನವರು ಅವರನ್ನು ಕರೆಯುವುದು ಪರದೆ ಅಜ್ಜ ಎಂದು. ಯೌವನದಲ್ಲಿ ಅವರು ಕಂಪನಿ ನಾಟಕಗಳಿಗೆ ಪರದೆ ಬರೆಯುವ ಕಾಯಕ ಮಾಡಿದವರು. ಗುಬ್ಬಿ ವೀರಣ್ಣನವರ ರಂಗವೈಭವದ ಕಥೆಗಳನ್ನು ಕೇಳುತ್ತ ಬೆಳೆದ ಪೀಳಿಗೆ ಅದು. ಏಣಗಿ ಬಾಳಪ್ಪನವರು ಬಸವಣ್ಣನವರ ಪಾತ್ರ ಧರಿಸಿ ರಂಗಕ್ಕೆ ಬಂದರೆ ಪ್ರೇಕ್ಷಕರು ಕುಳಿತಲ್ಲಿಯೇ ಕೈಮುಗಿಯುತ್ತಿದ್ದರೆಂದು ಅಜ್ಜ ಇಂದಿಗೂ ಹೇಳುತ್ತಾರೆ. ಬನದ ಹುಣ್ಣಿಮೆ ಬಂದಿತೆಂದರೆ ಬಾದಾಮಿ ಬಳಿಯ ಬನಶಂಕರಿ ಜಾತ್ರೆಯಲ್ಲಿ ಹಲವು ಕಂಪನಿಗಳು ಒಟ್ಟಿಗೆ ಬೀಡುಬಿಡುತ್ತವೆ. ಅಜ್ಜನವರ ವರ್ಷದ ಲೆಕ್ಕವೆಲ್ಲ ಆ ಹುಣ್ಣಿಮೆಯಿಂದ ಆರಂಭವಾಗುತ್ತಿತ್ತು. ಕಾಡಿನ ಪರದೆ, ರಸ್ತೆಯ ಪರದೆ, ದರ್ಬಾರಿನ ಪರದೆ, ಉದ್ಯಾನದ ಪರದೆ, ಸೆರೆಮನೆಯ ಪರದೆ ಇವಿಷ್ಟು ಇಲ್ಲದೆ ಯಾವ ಕಂಪನಿಯೂ ಊರು ಬಿಟ್ಟು ಹೊರಡುತ್ತಿರಲಿಲ್ಲ. ಮಂಜರಪಾಟದ ಅಗಲವಾದ ಬಟ್ಟೆಗಳನ್ನು ಜೋಡಿಸಿ ಹೊಲಿದು, ನೆಲದ ಮೇಲೆ ಬಿಗಿಯಾಗಿ ಎಳೆದು ಕಟ್ಟಿ, ಹುಣಸೆಬೀಜದ ಅಂಟನ್ನು ತೆಳುವಾಗಿ ಸವರಿ, ಅದು ಒಣಗಿದ ಮೇಲೆ ಪುಡಿಬಣ್ಣವನ್ನು ಅಂಟುನೀರಿನಲ್ಲಿ ಕಲಸಿ ಬರೆಯಬೇಕು. ಬಣ್ಣ ದಪ್ಪವಾದರೆ ಪರದೆಯನ್ನು ಕೋಲಿಗೆ ಸುತ್ತುವಾಗ ಬಿರುಕುಬಿಡುತ್ತದೆ. ತೀರ ತೆಳುವಾದರೆ ಹಿಂದಿನ ದೀಪ ಮುಂದಕ್ಕೆ ಕಾಣುತ್ತದೆ. ಆ ಎರಡರ ನಡುವಿನ ಹದವೇ ವಿದ್ಯೆ. ತಾವು ಬರೆದ ಪ್ರತಿಯೊಂದು ಪರದೆಯ ಬಲಭಾಗದ ಕೆಳಮೂಲೆಯಲ್ಲಿ ಅವರು ತಮ್ಮ ಹೆಸರನ್ನು ಸಣ್ಣಗೆ ಬರೆಯುತ್ತಿದ್ದರು.

1987ರಲ್ಲಿ ದೂರದರ್ಶನದ ರಾಮಾಯಣ ಆರಂಭವಾದ ಮೇಲೆ ರವಿವಾರ ಮುಂಜಾನೆ ಊರಿನ ಬೀದಿಗಳು ಬರಿದಾಗತೊಡಗಿದವು. ಅಜ್ಜನವರ ಕುಂಚವೂ ಬರಬರುತ್ತ ಬಡವಾಯಿತು. ಕೆಲಕಾಲ ಗದಗ, ಹುಬ್ಬಳ್ಳಿಗಳಲ್ಲಿ ನಾಟಕದ ಸೀನರಿ ಬಾಡಿಗೆಗೆ ಕೊಡುವವರಿಗೆ ಬರೆದರು. ಆಮೇಲೆ ಊರಿಗೆ ಮರಳಿ ಎರಡು ಎಕರೆ ಎರೆಹೊಲದಲ್ಲಿ ಕಡಲೆ, ಬಿಳಿಜೋಳ ಬೆಳೆದುಕೊಂಡು ಉಳಿದರು. ಕೊನೆಯದಾಗಿ ಕುಂಚ ಹಿಡಿದದ್ದು 2016ರಲ್ಲಿ. ಊರಿನ ಶಾಲೆಯ ವಾರ್ಷಿಕ ಸಮ್ಮೇಳನಕ್ಕೆ ಒಂದು ಬೆಟ್ಟ, ಒಂದು ಹೊಳೆ, ಮೇಲೆ ಆಕಾಶ ಇರುವ ಪರದೆಯನ್ನು ಹಣ ಮುಟ್ಟದೆ ಬರೆದುಕೊಟ್ಟಿದ್ದರು. ಈ ಪರದೆಯ ಮಾತು ಮುಂದೆ ಬರುತ್ತದೆ.

ಅಜ್ಜನವರ ಮಗ ಪ್ರಾಥಮಿಕ ಶಾಲೆಯ ಮಾಸ್ತರರು. 2024ರ ಫೆಬ್ರವರಿಯಲ್ಲಿ ಅವರು ಹುಬ್ಬಳ್ಳಿಯಿಂದ ಒಂದು ಬಳಸಿದ ಪ್ರೊಜೆಕ್ಟರ್ ತಂದರು. ತಂದ ಕಾರಣ ಸಿನಿಮಾದ ಹುಚ್ಚಲ್ಲ. ತಾಯಿಯವರ ಮೊಣಕಾಲು ಹಿಡಿದುಕೊಂಡು ಮೂರು ವರ್ಷಗಳಾಗಿದ್ದವು. ಜಾತ್ರೆಗಿಲ್ಲ, ನಾಟಕಕ್ಕಿಲ್ಲ, ಹೊಸ್ತಿಲು ದಾಟುವುದೇ ಅಪರೂಪ. ಬಾಲ್ಯದಲ್ಲಿ ಟೂರಿಂಗ್ ಟಾಕೀಸಿನ ಡೇರೆಯಲ್ಲಿ ನೆಲದ ಮೇಲೆ ಕುಳಿತು ನೋಡಿದ ಜಗಜ್ಯೋತಿ ಬಸವೇಶ್ವರ ಚಿತ್ರವನ್ನು ಇನ್ನೊಮ್ಮೆ ಅಷ್ಟೇ ದೊಡ್ಡದಾಗಿ ನೋಡಬೇಕೆಂಬ ಆಸೆಯನ್ನು ಆ ತಾಯಿ ಒಮ್ಮೆ ಬಾಯಿಬಿಟ್ಟು ಹೇಳಿದ್ದರು. ಅದು 1959ರ ಚಿತ್ರ. ಹೊನ್ನಪ್ಪ ಭಾಗವತರು ಬಸವಣ್ಣನವರಾಗಿ, ರಾಜಕುಮಾರರು ಬಿಜ್ಜಳನಾಗಿ ಅಭಿನಯಿಸಿದ್ದು. ಮೊಬೈಲಿನ ಅಂಗೈಯಗಲದ ಗಾಜಿನಲ್ಲಿ ಮೊಮ್ಮಗಳು ಅದನ್ನು ತೋರಿಸಿದಾಗ ಅಜ್ಜಿ ಎರಡು ನಿಮಿಷ ನೋಡಿ, "ಇದು ಅದಲ್ಲ ಬಿಡವ್ವಾ" ಎಂದು ಮುಖ ತಿರುಗಿಸಿದ್ದರು.

ಪ್ರೊಜೆಕ್ಟರ್ ಬಂದಿತು, ಆದರೆ ಬೆಳಕು ಬೀಳುವುದಕ್ಕೆ ತಕ್ಕ ಜಾಗವಿರಲಿಲ್ಲ. ನವಲಗುಂದ ಸೀಮೆಯ ಎರೆಮಣ್ಣಿನ ಗುಣ ಬಲ್ಲವರಿಗೆ ಇದರ ಕಾರಣ ಕೂಡಲೇ ತಿಳಿದೀತು. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಅದರ ಮೇಲೆ ನಿಂತ ಮನೆ ವರ್ಷವರ್ಷವೂ ಅಲುಗುತ್ತದೆ. 2023 ಬರಗಾಲದ ವರ್ಷ. ಹೊಲಗಳಲ್ಲಿ ಕೈ ಇಳಿಯುವಷ್ಟು ಬಿರುಕು ಬಿಟ್ಟಿತ್ತು, ಪಡಸಾಲೆಯ ಗೋಡೆಯಲ್ಲಿಯೂ ಮೂಲೆಯಿಂದ ಮೂಲೆಗೆ ಒಂದು ಗೆರೆ ಮೂಡಿತ್ತು. ಪುಟ್ಟಿ ತುಂಬಿದರೆ ಮುಂದಿನ ಮಳೆಗಾಲದವರೆಗೆ ನಿಂತೀತು, ಅಷ್ಟೆ. ಚಿತ್ರದಲ್ಲಿ ಯಾರೇ ಬಂದು ನಿಂತರೂ ಅವರ ಎದೆಯ ಮೇಲೆ ಆ ಬಿರುಕು ಇದ್ದೇ ಇರುವುದು. ಬಟ್ಟೆ ಕಟ್ಟೋಣವೆಂದರೆ ಅಷ್ಟು ಅಗಲದ ಬಟ್ಟೆ ಒಂದೇ ತುಂಡಿನಲ್ಲಿ ದೊರೆಯಲಿಲ್ಲ. ಹೊಲಿದರೆ ಹೊಲಿಗೆ ಎದ್ದು ಕಾಣುತ್ತದೆ. ನಾಟಕದ ಪರದೆಯಲ್ಲಿ ಹೊಲಿಗೆಯನ್ನು ಮರದ ಬೊಡ್ಡೆಯಲ್ಲಿಯೋ ಕಂಬದ ಅಂಚಿನಲ್ಲಿಯೋ ಅಡಗಿಸಬಹುದಾಗಿತ್ತು. ಏನೂ ಇಲ್ಲದ ಬಿಳುಪಿನಲ್ಲಿ ಅದನ್ನು ಎಲ್ಲಿ ಅಡಗಿಸುವುದು?

ಆದ್ದರಿಂದ ಪ್ಲೈವುಡ್ ಹಲಗೆಯೇ ಆಗಬೇಕೆಂದು ತೀರ್ಮಾನವಾಯಿತು. ಅಂಗಡಿಯಲ್ಲಿ ಸಿಗುವ ದೊಡ್ಡ ಹಲಗೆ 8 ಅಡಿ ಉದ್ದ, 4 ಅಡಿ ಅಗಲ. ಅಂಗುಲದ ಲೆಕ್ಕದಲ್ಲಿ 96ಕ್ಕೆ 48. ಇಂದಿನ ಪ್ರೊಜೆಕ್ಟರುಗಳು ಬಿಡುವ ಚಿತ್ರದ ಆಕಾರ ಸಾಮಾನ್ಯವಾಗಿ 16ಕ್ಕೆ 9ರ ಪ್ರಮಾಣದ್ದು. ಸುತ್ತಲೂ ಕಪ್ಪು ಅಂಚಿಗೆ ಸ್ಥಳ ಬಿಟ್ಟು ಮಾಸ್ತರರು 80 ಅಂಗುಲ ಅಗಲ, 45 ಅಂಗುಲ ಎತ್ತರದ ಚೌಕವನ್ನು ಗೆರೆ ಹಾಕಿದರು. ಕರ್ಣದಲ್ಲಿ ಅಳೆದರೆ ಅದು 92 ಅಂಗುಲಕ್ಕೆ ಕೂದಲೆಳೆಯಷ್ಟು ಕಡಿಮೆ. ಹಳೆಯ ಚಿತ್ರಗಳ ಆಕಾರ ಹೆಚ್ಚುಕಡಿಮೆ 4ಕ್ಕೆ 3ರದ್ದಾದ್ದರಿಂದ ಅಜ್ಜಿಯ ಚಿತ್ರ ಅದರೊಳಗೆ 60 ಅಂಗುಲ ಅಗಲದಲ್ಲಿ ಕೂಡುತ್ತದೆ, ಎರಡೂ ಬದಿಗೆ ಹತ್ತತ್ತು ಅಂಗುಲ ಖಾಲಿ ಉಳಿಯುತ್ತದೆ. ಹಲಗೆ ಬೇಸಿಗೆಯ ಝಳಕ್ಕೆ ಬಾಗದಂತೆ ಊರಿನ ಬಡಿಗೇರರು ಹಿಂದೆ ಸಾಗವಾನಿ ಪಟ್ಟಿಗಳನ್ನು ಜಡಿದುಕೊಟ್ಟರು.

ಇನ್ನು ಬಣ್ಣ. ಅಂಗಡಿಯವನೊಬ್ಬನ ಮಾತು ಕೇಳಿ ಮಾಸ್ತರರು ಹೊಳಪಿನ ಎನಾಮಲ್ ತಂದಿದ್ದರು. ಹೊಳಪು ಹೆಚ್ಚಿದಷ್ಟೂ ಚಿತ್ರ ಬೆಳಗುವುದೆಂಬುದು ಅವರ ತರ್ಕ. ಅಜ್ಜ ಡಬ್ಬಿಯನ್ನು ನೋಡಿ ತಲೆಯಾಡಿಸಿದರು.

"ಬ್ಯಾಡ ತಮ್ಮಾ. ಹೊಳಪಿದ್ರ ಬತ್ತಿ ಕಾಣತೈತಿ, ಚಿತ್ರ ಕಾಣೂದಿಲ್ಲ."

"ಅಪ್ಪಾ, ಇದು ನಾಟಕದ ಪರದೆ ಅಲ್ಲ."

"ಬೆಳಕು ಅದ ಅಲ್ಲೇನು?"

ಮಾತು ಬೆಳೆಯಲಿಲ್ಲ. ಒಂದು ತುಂಡು ಹಲಗೆಗೆ ಎನಾಮಲ್ ಬಳಿದು, ಒಣಗಿಸಿ, ರಾತ್ರಿ ಅದರ ಮೇಲೆ ಬೆಳಕು ಬಿಟ್ಟು ನೋಡಿದರು. ನಡುವೆ ಒಂದು ಪ್ರಖರವಾದ ಮಚ್ಚೆ, ಸುತ್ತಲೂ ಮಬ್ಬು. ಕುಳಿತವರು ಎಡಕ್ಕೆ ಸರಿದರೆ ಮಚ್ಚೆಯೂ ಅವರೊಡನೆ ಸರಿಯುತ್ತಿತ್ತು. ಹೊಳಪಿನ ಮೈ ಕನ್ನಡಿಯ ಗುಣವುಳ್ಳದ್ದು; ಬಂದ ಬೆಳಕನ್ನು ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಹೊಳಪಿಲ್ಲದ ಮೈ ಅದನ್ನು ಎಲ್ಲ ದಿಕ್ಕಿಗೂ ಹಂಚುತ್ತದೆ. ಕಂಬದ ಬದಿಗೆ ಕುಳಿತವರಿಗೂ ಎದುರಿಗೆ ಕುಳಿತವರಿಗೂ ಪಾಲು ಬಹುಮಟ್ಟಿಗೆ ಸಮ. ಗ್ಯಾಸ್ ಬತ್ತಿಯ ಎದುರು ನೂರಾರು ಪರದೆ ಬಿಚ್ಚಿದ ಅಜ್ಜನಿಗೆ ಇದು ಭೌತಶಾಸ್ತ್ರದ ಪಾಠವಾಗಿ ತಿಳಿದಿರಲಿಲ್ಲ, ಮಾಲೀಕರ ಬೈಗುಳವಾಗಿ ತಿಳಿದಿತ್ತು. ಸಿನಿಮಾದವರು ಹಿಂದೆ ಪರದೆಗೆ ಬೆಳ್ಳಿಬಣ್ಣ ಬಳಿದದ್ದೂ ಉಂಟು, ಬೆಳ್ಳಿಪರದೆ ಎಂಬ ಮಾತು ಹುಟ್ಟಿದ್ದೇ ಅದರಿಂದ. ದೀಪಗಳು ದುರ್ಬಲವಾಗಿದ್ದ ಕಾಲದಲ್ಲಿ ಬದಿಯವರ ಪಾಲನ್ನು ಕಿತ್ತು ನಡುವಿನವರಿಗೆ ಕೊಡುವ ಉಪಾಯವದು.

ಹೀಗೆ ಗೆದ್ದ ಅಜ್ಜ ಕೆಲಸವನ್ನೆಲ್ಲ ತಮ್ಮ ಕೈಗೆ ತೆಗೆದುಕೊಂಡರು. ಹಲಗೆಯನ್ನು ಉಜ್ಜಿಸಿದರು. ಅಂಗಡಿಯ ಬಣ್ಣ ಬೇಡವೆಂದು ಸಫೇದಾ ಪುಡಿ ತರಿಸಿ, ಅಂಟು ಕಾಯಿಸಿ, ಎರಡನ್ನೂ ಹದವಾಗಿ ಕಲಸಿದರು. ಸುತ್ತಲೂ ಒಂದು ಬಳ್ಳಿ, ಮೂಲೆಗೊಂದು ನವಿಲು ಬರೆಯುವೆನೆಂದು ಕೇಳಿದರು, ಮಗ ಒಪ್ಪಲಿಲ್ಲ. ಹಾಗಾದರೆ ಹೆಸರನ್ನು ಎಲ್ಲಿ ಬರೆಯುವುದೆಂದು ಕೇಳಿದರು. ಅದಕ್ಕೂ ಉತ್ತರ ಬರಲಿಲ್ಲ. ಕಾಡನ್ನು ಬರೆದವನಿಗೆ ಮರದ ಮರೆ ಇರುತ್ತದೆ, ಒಂದು ಎಲೆ ತಪ್ಪಿದರೆ ಇನ್ನೊಂದು ಎಲೆ ಅದನ್ನು ಮುಚ್ಚುತ್ತದೆ. ಇಲ್ಲಿ ಅಂಥ ಮರೆಯಿಲ್ಲ. ಇದನ್ನು ಓದುವಾಗ ಕೆಲವರಿಗೆ ಬಯಲು ಎಂಬ ಮಾತು ನೆನಪಾಗಬಹುದು. ಶರಣರ ಬಯಲು 96ಕ್ಕೆ 48ರ ಅಳತೆಗೆ ಸಿಗುವಂಥದ್ದಲ್ಲ, ಅದನ್ನು ಇಲ್ಲಿಗೆ ಎಳೆದುತರುವುದು ಬೇಡ.

ಕಲಸಿದ ಬಣ್ಣವನ್ನು ನೋಡಿ ಅಜ್ಜ, "ಹಳದಿ ಹೊಡಿತೈತಿ" ಎಂದು ಒಂದು ಚಿಟಿಕೆ ನೀಲಿ ಹಾಕಿದರು. ಸುಣ್ಣಕ್ಕೆ ನೀಲಿ ಹಾಕುವುದು ಹಿರಿಯರಿಂದ ಬಂದ ಪದ್ಧತಿ. ನೀಲಿ ಸುಣ್ಣದ ಬೆಳಕನ್ನು ಹೆಚ್ಚಿಸುವುದಿಲ್ಲ, ನಿಜವಾಗಿ ತುಸು ಕಡಿಮೆಯನ್ನೇ ಮಾಡುತ್ತದೆ; ಅದು ಸುಣ್ಣದ ಹಳದಿಯನ್ನು ಅಳಿಸುತ್ತದೆ, ಕಣ್ಣು ಅದನ್ನೇ ಬಿಳುಪೆಂದು ತಿಳಿಯುತ್ತದೆ. ಅಜ್ಜ ಮತ್ತೊಂದು ಚಿಟಿಕೆ ಹಾಕಿದರು. ಮತ್ತೂ ಒಂದು. ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, "ಮಾವಾರ, ಸಾಕಾತೇನ್ರಿ?" ಎಂದರು. ಸಾಕಾಗಿಲ್ಲವೆಂದು ಅವರು ಇನ್ನೊಂದಿಷ್ಟು ಬೆರೆಸಿದರು.

ಹಲಗೆ ಒಣಗಿದಾಗ ಅದು ಸ್ಪಷ್ಟವಾಗಿ ನೀಲಿಯಾಗಿತ್ತು. ಕಡುನೀಲಿಯಲ್ಲ, ಮಾಗಿಯ ಬೆಳಗಿನ ಆಕಾಶದಂಥ ನೀಲಿ. ಅಜ್ಜ ಮಾತ್ರ ಹಿಂದೆ ಸರಿದು ನಿಂತು, ಕಣ್ಣು ಕಿರಿದುಮಾಡಿ ನೋಡಿ, "ಹಾಲಿನಂಗ ಬಂತು ನೋಡು" ಎಂದರು. ಪಡಸಾಲೆಯಲ್ಲಿದ್ದ ನಾಲ್ಕು ಜನರಲ್ಲಿ ಒಬ್ಬರೂ ಮಾತನಾಡಲಿಲ್ಲ. ಅಂದು ರಾತ್ರಿ ಚಿತ್ರವನ್ನು ಹತ್ತು ನಿಮಿಷ ಹಾಕಿ ನೋಡಿದರು. ಕಪ್ಪುಬಿಳುಪಿನ ಚಿತ್ರವೆಂದರೆ ಪರದೆಗೆ ಅದಕ್ಕಿಂತ ಕಠಿಣ ಪರೀಕ್ಷೆ ಇನ್ನೊಂದಿಲ್ಲ. ವರ್ಣಚಿತ್ರದಲ್ಲಿ ಪರದೆಯ ಬಣ್ಣ ಇತರ ಬಣ್ಣಗಳೊಳಗೆ ಸೇರಿಹೋದೀತು. ಕಪ್ಪುಬಿಳುಪಿನಲ್ಲಿ ಪರದೆ ಏನಾಗಿದೆಯೋ ಅದೇ ಕಾಣುತ್ತದೆ. ಅರಮನೆಯ ಕಂಬಗಳೂ ಬಿಜ್ಜಳನ ಮುಖವೂ ಬೆಳದಿಂಗಳಿನಲ್ಲಿ ನೆನೆಹಾಕಿದಂತೆ ತೋರಿದವು. ಮೊಮ್ಮಗಳು ಏನೋ ಹೇಳಹೋಗಿ ತಂದೆಯ ಮುಖ ನೋಡಿ ಸುಮ್ಮನಾದಳು. ಮಾಸ್ತರರು, ನೆಟ್ ಸರಿಯಿಲ್ಲವೆಂದು ಹೇಳಿ ಯಂತ್ರವನ್ನು ಆರಿಸಿದರು. ನೆಟ್ ಸರಿಯಾಗಿಯೇ ಇತ್ತು.

ಆ ಮನೆಯಲ್ಲಿ ಸತ್ಯವನ್ನು ಹೇಳುವ ಭಾರ ಅಜ್ಜಿಯ ಮೇಲೆ ಬಿದ್ದಿತು. ಅವರಿಗೆ ಮಾತ್ರ ಅದು ಹೊಸ ಸಂಗತಿಯಾಗಿರಲಿಲ್ಲ. ಎರಡು ವರ್ಷಗಳಿಂದ ಅಜ್ಜ ಧೋತರ ಹಳದಿಯಾಗಿದೆ ಎಂದು ದೂರುತ್ತಿದ್ದರು. ಅಜ್ಜಿ ನೀಲಿ ಹೆಚ್ಚಿಸುತ್ತ ಬಂದರು. ಕಡೆಗೆ ಊರಿನವರು ಕಟ್ಟೆಯ ಮೇಲೆ ಕುಳಿತ ಅಜ್ಜನ ನೀಲಿ ಧೋತರವನ್ನು ನೋಡಿ ಒಳಗೊಳಗೆ ನಗುವಂತಾಯಿತು. ಜೋಳದ ರೊಟ್ಟಿಯನ್ನು ನೋಡಿ, "ಅರಿಷಿಣ ಹಾಕೀರೇನು?" ಎಂದು ಕೇಳಿದ್ದೂ ಇದೆ. ಮರುದಿನ ಮುಂಜಾನೆ ಚಹಾ ಕೊಡುವಾಗ ಅಜ್ಜಿ ನೇರವಾಗಿ ಹೇಳಿಬಿಟ್ಟರು: "ಹಲಗಿ ನೀಲಿ ಆಗೇತ್ರಿ. ಬಣ್ಣದ್ದು ತಪ್ಪಲ್ಲ. ಕಣ್ಣು ತೋರಸಕೊಂಡು ಬರ್ರಿ."

ಅಜ್ಜ ಚಹಾ ಕುಡಿಯಲಿಲ್ಲ. ಎರಡು ದಿನ ಯಾರೊಡನೆಯೂ ಮಾತಿಲ್ಲ. ಹೊಲಕ್ಕೆ ಹೋಗಿ ಬೇವಿನ ಗಿಡದ ಕೆಳಗೆ ಕುಳಿತು ಸಂಜೆಗೆ ಬರುತ್ತಿದ್ದರು. ಬಣ್ಣದಿಂದ ಬದುಕಿದವನ ಕಣ್ಣನ್ನು ಸಂಶಯಿಸುವುದೆಂದರೆ ಒಕ್ಕಲಿಗನಿಗೆ ಮಣ್ಣು ಗೊತ್ತಿಲ್ಲವೆಂದಂತೆ. ಅವರ ಸಿಟ್ಟನ್ನು ಅನ್ಯಾಯವೆನ್ನಲಾಗದು. ಮೂರನೆಯ ದಿನ ಅವರಾಗಿಯೇ ಮೊಮ್ಮಗಳನ್ನು ಕರೆದು, ಅವಳ ಪರೀಕ್ಷೆಯ ಬಿಳಿ ಹಾಳೆಯೊಂದನ್ನು ಹಲಗೆಯ ಮೇಲೆ ಇಡಿಸಿದರು.

"ಎರಡೂ ಒಂದ ಅದಾವಲ್ಲ?"

"ಇಲ್ಲ ಅಜ್ಜಾ."

"ಎಷ್ಟು ಫರಕ ಐತಿ?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಭಾಳ ಐತಿ" ಎಂದಳು.

ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಯಲ್ಲಿ ವೈದ್ಯರು ಎರಡೂ ಕಣ್ಣಿನಲ್ಲಿ ಪೊರೆ ಬಲಿತಿದೆ ಎಂದರು. ಮಾರ್ಚ್ ತಿಂಗಳಿನಲ್ಲಿ ಬಲಗಣ್ಣಿನ ಶಸ್ತ್ರಚಿಕಿತ್ಸೆಯಾಯಿತು. ಮನುಷ್ಯನ ಕಣ್ಣಿನ ಮಸೂರ ವಯಸ್ಸಾದಂತೆ ಹಳದಿಗೆ ತಿರುಗುತ್ತದೆ. ಪೊರೆ ಬಲಿತಾಗ ಹಳದಿ ಕನ್ನಡಕ ಧರಿಸಿದಂತೆ ನೀಲಿಯ ಬೆಳಕು ಒಳಗೆ ಬರುವುದು ಕಡಿಮೆಯಾಗುತ್ತದೆ. ಇದು ಎಷ್ಟು ಮೆಲ್ಲನೆ ನಡೆಯುತ್ತದೆಯೆಂದರೆ ನೋಡುವವನಿಗೆ ತನ್ನ ಕಣ್ಣಿನ ಮೇಲೆ ಸಂಶಯ ಬರುವುದೇ ಇಲ್ಲ. ಲೋಕವೇ ಹಳದಿಯಾಯಿತೆಂದು ತಿಳಿಯುತ್ತಾನೆ. ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೋನೆಗೂ ಹೀಗೆಯೇ ಆಗಿತ್ತು. 1923ರಲ್ಲಿ ಪೊರೆ ತೆಗೆಸಿಕೊಂಡ ಮೇಲೆ ಅವರು ಬಣ್ಣಗಳು ಕಾಣುವ ರೀತಿಯೇ ಬದಲಾಯಿತೆಂದು ಬಹಳ ಕಾಲ ಸಂಕಟಪಟ್ಟರು.

ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದ ಅಜ್ಜ ಅಂಗಳದ ಹಗ್ಗದ ಮೇಲಿದ್ದ ತಮ್ಮ ಧೋತರವನ್ನೇ ಮೊದಲು ನೋಡಿದರು. "ಇದನ್ನ ಯಾರು ನೀಲ್ಯಾಗ ಅದ್ದ್ಯಾರ?" ಎಂದರು. ಅಜ್ಜಿ, "ನೀವ" ಎಂದರು. ಒಳಗೆ ಹೋಗಿ ಹಲಗೆಯ ಎದುರು ನಿಂತರು. ಎಡಗಣ್ಣು ಮುಚ್ಚಿ ನೋಡಿದರು, ಬಲಗಣ್ಣು ಮುಚ್ಚಿ ನೋಡಿದರು. ಎಡಗಣ್ಣಿಗೆ ಹಾಲು, ಬಲಗಣ್ಣಿಗೆ ನೀಲಿ. ಏನೂ ಹೇಳಲಿಲ್ಲ.

ನಾಲ್ಕು ದಿನಗಳ ತರುವಾಯ, ಕಪ್ಪು ಕನ್ನಡಕ ಹಾಕಿಕೊಂಡು ಅವರು ಶಾಲೆಗೆ ನಡೆದುಹೋದರು. ಮಗನಿಗೂ ತಿಳಿಸಿರಲಿಲ್ಲ. ಸಮ್ಮೇಳನದ ಪರದೆಯನ್ನು ಸಿಪಾಯಿಯಿಂದ ಬಿಚ್ಚಿಸಿದರು. 2016ರಲ್ಲಿ ತಾವು ಬರೆದ ಬೆಟ್ಟ ಸರಿಯಾಗಿತ್ತು, ಹೊಳೆಯೂ ಒಂದು ರೀತಿಯಲ್ಲಿ ಸರಿ. ಆಕಾಶ ಮಾತ್ರ ನೀಲಿಶಾಯಿ ಚೆಲ್ಲಿದಂತಿತ್ತು. ಹಗಲಿನ ಆಕಾಶವೆಂದು ಬರೆದದ್ದು ಹೊತ್ತು ಮುಳುಗಿದ ಮೇಲಿನದಾಗಿತ್ತು. ಬೆಟ್ಟದ ಮೇಲೆ ಸೂರ್ಯ ಬೇರೆ ಇದ್ದ. "ಎಂಟು ವರ್ಷ ಹುಡುಗ್ರು ಇದರ ಮುಂದ ಕುಣದಾವ. ಯಾರೂ ಹೇಳಲಿಲ್ಲಲ್ಲ," ಎಂದು ಅವರು ಹೇಳಿದ್ದನ್ನು ಸಿಪಾಯಿ ಊರಿಗೆಲ್ಲ ಹೇಳಿದ. ಗೌರವದಿಂದ ಹೇಳಲಿಲ್ಲವೋ, ಪುಕ್ಕಟೆ ಬರೆದುಕೊಟ್ಟದ್ದೆಂದು ಹೇಳಲಿಲ್ಲವೋ, ಹಳ್ಳಿಯ ನಾಟಕದ ಆಕಾಶ ಹೇಗಿದ್ದರೇನು ಎಂದು ಹೇಳಲಿಲ್ಲವೋ ತಿಳಿಯದು. ಹಿರಿಯರ ಮನಸ್ಸು ನೋಯಿಸಬಾರದೆಂಬ ನಮ್ಮ ಸೌಜನ್ಯ ಅವರನ್ನು ಎಷ್ಟು ಒಂಟಿಯಾಗಿಸುತ್ತದೆ ಎಂಬುದನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾಲ್ಕು ಜನರ ಪಡಸಾಲೆಯಲ್ಲಿ ನಡೆದದ್ದೇ ಅಲ್ಲಿ ಇಡೀ ಊರಿನಲ್ಲಿ ನಡೆದಿತ್ತು.

ಕಣ್ಣಿಗೆ ಧೂಳು ತಾಗಬಾರದೆಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದರು. ಆದ್ದರಿಂದ ಎರಡನೆಯ ಸಲದ ಕೆಲಸ ಏಪ್ರಿಲ್ ಕೊನೆಯವರೆಗೆ ನಿಂತಿತು. ಹಳೆಯ ಬಣ್ಣ ಬೆರಳಿಗೆ ಹತ್ತುತ್ತಿದ್ದುದರಿಂದ ಅದನ್ನು ಪೂರ್ತಿ ತೊಳೆದು, ಉಜ್ಜಿ ತೆಗೆಯಬೇಕಾಯಿತು. ಮಾಸ್ತರರು ಅಂಗಳದಲ್ಲಿ ಉಜ್ಜಿದರು. ಅಜ್ಜ ಒಳಗೆ ಕಿಟಕಿಯ ಹಿಂದೆ ಕುಳಿತು ಅಪ್ಪಣೆ ಕೊಟ್ಟರು. ಪ್ಲೈವುಡ್ಡಿನ ನಾರು ಮುಚ್ಚುವಂತೆ ಎರಡು ಸಲ ಪುಟ್ಟಿ, ಅದರ ಮೇಲೆ ಪ್ರೈಮರ್, ಪ್ರತಿಯೊಂದರ ನಡುವೆ 320 ನಂಬರಿನ ಎಮರಿ ಕಾಗದ. ದೀಪವನ್ನು ಹಲಗೆಯ ಬದಿಗೆ ಹಿಡಿದು ನೋಡಿದರೆ ಸಣ್ಣ ತಗ್ಗುದಿಣ್ಣೆಯೂ ನೆರಳು ಬಿಡುತ್ತದೆ. ಹಾಗೆ ಹಿಡಿದು ಹಿಡಿದು ಮೂರು ಸಂಜೆ ತಿದ್ದಿದರು.

ಈ ಸಲ ಅಜ್ಜ ಅಂಗಡಿಯ ಹೊಳಪಿಲ್ಲದ ಬಿಳಿ ಎಮಲ್ಶನ್ನಿಗೆ ಒಪ್ಪಿದರು. ಇಂದಿನ ಬಿಳಿಬಣ್ಣಗಳಲ್ಲಿ ಟೈಟಾನಿಯಂ ಡಯಾಕ್ಸೈಡ್ ಇರುತ್ತದೆ. ಮುಚ್ಚುವ ಶಕ್ತಿಯಲ್ಲಿ ಸಫೇದಾ ಅದರ ಸಮಕ್ಕೆ ಬಾರದು. ಆದರೆ ಶುದ್ಧ ಬಿಳುಪೇ ಆ ಪಡಸಾಲೆಗೆ ತಕ್ಕುದೇ ಎಂಬ ಪ್ರಶ್ನೆ ಉಳಿಯಿತು. ಪರದೆಯ ಮೇಲೆ ಕಪ್ಪು ಎಂಬುದು ಬಣ್ಣವಲ್ಲ, ಬೆಳಕು ಬೀಳದ ಸ್ಥಳ ಮಾತ್ರ. ಮಾಳಿಗೆಯ ಬೆಳಕಿಂಡಿಯಿಂದ ಇಳಿಯುವ ಸಂಜೆಯ ಬೆಳಕು ಒಂದು ಕಡೆ. ಪರದೆಯಿಂದ ಚಿಮ್ಮಿದ ಬೆಳಕು ಸುಣ್ಣದ ಗೋಡೆಗಳಿಗೆ ತಾಗಿ ಮತ್ತೆ ಪರದೆಗೇ ಮರಳಿ ಬೀಳುವುದು ಇನ್ನೊಂದು ಕಡೆ. ಇವೆರಡರಿಂದ ಚಿತ್ರದ ಕಪ್ಪೆಲ್ಲ ಬೂದಿಯಾಗುತ್ತದೆ. ಪರದೆಯನ್ನೇ ತುಸು ಬೂದು ಮಾಡಿದರೆ ಬಿಳುಪು ಕೊಂಚ ಕುಗ್ಗುತ್ತದೆ, ಆದರೆ ಕಪ್ಪು ಕಪ್ಪಾಗಿ ನಿಲ್ಲುತ್ತದೆ. ಮಾಸ್ತರರು ಇದನ್ನು ಎಲ್ಲಿಯೋ ಓದಿದ್ದರು. ಬಿಳಿಗೆ ಬರಿಯ ಕಪ್ಪು ಬೆರೆಸಿದರೆ ಬೂದು ನೀಲಿಯ ಕಡೆಗೆ ವಾಲುವುದೆಂಬುದು ಮಾತ್ರ ಅವರಿಗೆ ತಿಳಿದಿರಲಿಲ್ಲ. ಅದನ್ನು ಅಜ್ಜ ಹೇಳಿದರು. ಕೆಲವು ಹನಿ ಕಪ್ಪಿಗೆ ಒಂದೆರಡು ಹನಿ ಹಳದಿಮಣ್ಣಿನ ಬಣ್ಣ ಸೇರಿಸಬೇಕು, ಹಸಿಯಲ್ಲಿ ತೀರ್ಪು ಕೊಡಬಾರದು. ಸುಣ್ಣ ಒಣಗಿದಾಗ ಬೆಳ್ಳಗಾಗುತ್ತದೆ, ಎಮಲ್ಶನ್ ಒಣಗಿದಾಗ ತುಸು ಕಪ್ಪಾಗುತ್ತದೆ.

ರಟ್ಟಿನ ಚೂರುಗಳ ಮೇಲೆ ಒಂಬತ್ತು ಬಗೆಯ ಮಿಶ್ರಣ ಬಳಿದು ಒಣಗಿಸಿದರು. ಯಾವುದು ಸರಿಯೆಂದು ಅಜ್ಜ ಹೇಳಲಿಲ್ಲ. ಮೊದಲು ಮೊಮ್ಮಗಳನ್ನು ಕೇಳಿದರು, ಆಮೇಲೆ ಸೊಸೆಯನ್ನು, ಆಮೇಲೆ ಬಡಿಗೇರರನ್ನು. ಮೂವರೂ ಬೇರೆಬೇರೆಯಾಗಿ ಆರನೆಯದನ್ನು ತೋರಿಸಿದ ಮೇಲೆ ತಾವೂ ಬಲಗಣ್ಣಿನಿಂದ ನೋಡಿ, "ಆರನೇದ" ಎಂದರು. ಬಣ್ಣದ ವಿಷಯದಲ್ಲಿ ಅವರು ಮತ್ತೊಬ್ಬರನ್ನು ಕೇಳಿದ್ದನ್ನು ಮಾಸ್ತರರು ತಮ್ಮ ಜೀವಮಾನದಲ್ಲಿ ಅದೇ ಮೊದಲು ಕಂಡದ್ದು.

ಏಪ್ರಿಲ್ ತಿಂಗಳ ನವಲಗುಂದದಲ್ಲಿ ಹಗಲು ಬಣ್ಣ ಬಳಿಯುವುದು ವ್ಯರ್ಥ. ರೋಲರ್ ಹಲಗೆಯ ಆ ತುದಿ ಮುಟ್ಟುವುದರೊಳಗೆ ಈ ತುದಿ ಒಣಗಿ, ಎರಡು ಪಟ್ಟಿ ಸೇರುವಲ್ಲಿ ಗೆರೆ ಬೀಳುತ್ತದೆ. ಗಾಳಿ ಎದ್ದರೆ ಎರೆಯ ಧೂಳು ಬೇರೆ. ಆದ್ದರಿಂದ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಕದ ಹಾಕಿಕೊಂಡು, ನೆಲಕ್ಕೆ ನೀರು ಚಿಮುಕಿಸಿ ಕೆಲಸಕ್ಕೆ ತೊಡಗಿದರು. ದಪ್ಪನೆಯ ಒಂದು ಕೈಗಿಂತ ತೆಳುವಾದ ಮೂರು ಕೈ ಮೇಲು. ಅರ್ಧ ಒಣಗಿದ ಜಾಗಕ್ಕೆ ಮತ್ತೆ ರೋಲರ್ ಒಯ್ಯಬಾರದು. ಕೊನೆಯ ಎಳೆತವೆಲ್ಲ ಮೇಲಿನಿಂದ ಕೆಳಕ್ಕೆ, ಒಂದೇ ದಿಕ್ಕಿಗೆ. ಮೂರನೆಯ ಕೈಯನ್ನು ಅಜ್ಜ ತಾವೇ ಎಳೆದರು. ಕೈ ನಡುಗುತ್ತಿತ್ತು, ಆದರೆ ರೋಲರಿಗೆ ಕುಂಚದಷ್ಟು ಸ್ಥೈರ್ಯ ಬೇಕಿಲ್ಲ. ಮೂಲೆಗಳನ್ನು ಮಾತ್ರ ಕುಂಚದಿಂದ ತುಂಬಿದರು. ತಮ್ಮದೇ ಹಳೆಯ ಕುಂಚ, ಟ್ರಂಕಿನಿಂದ ತೆಗೆದದ್ದು.

ಸುತ್ತಲಿನ ಕಪ್ಪು ಅಂಚಿಗೆ ಬಣ್ಣಕ್ಕಿಂತ ಮಖಮಲ್ಲು ಉತ್ತಮ. ಅಂಚಿನಾಚೆ ಸೋರಿದ ಬೆಳಕನ್ನು ಅದು ನುಂಗಿಬಿಡುತ್ತದೆ. ಅದೇ ಟ್ರಂಕಿನ ತಳದಲ್ಲಿ ಯಾವುದೋ ಕಂಪನಿ ಕೂಲಿಯ ಬದಲು ಕೊಟ್ಟ ರಾಜನ ಕಪ್ಪು ನಿಲುವಂಗಿಯೊಂದು ಇತ್ತು. ಸೊಸೆ ಅದರ ಜರಿ ಬಿಚ್ಚಿ, ಪಟ್ಟಿಗಳಾಗಿ ಕತ್ತರಿಸಿ ಅಂಟಿಸಿದರು. ಸಾಲದ ಕಡೆ ಕಪ್ಪು ಬಣ್ಣವೇ ಗತಿಯಾಯಿತು. ಬದಿಯ ಗೋಡೆಗಳ ಸುಣ್ಣವನ್ನು ಮರೆಮಾಡಲು ಮನೆಯಲ್ಲಿದ್ದ ಎರಡು ಜಮಖಾನೆಗಳನ್ನು ತೂಗುಹಾಕಿದರು. ನವಲಗುಂದದ ಮುಸ್ಲಿಂ ಹೆಣ್ಣುಮಕ್ಕಳು ತಮ್ಮ ಮನೆಗಳಲ್ಲಿಯೇ ನೇಯುವ, 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಜಮಖಾನೆಗಳವು. ಅದರಲ್ಲೊಂದು ಅಜ್ಜಿ ಮದುವೆಯಾಗಿ ಬರುವಾಗ ತವರಿನಿಂದ ತಂದದ್ದು, ಕೆಂಪಿನ ಮೇಲೆ ನವಿಲು. ಗೋಡೆಯ ಬೆಳಕನ್ನೂ ತಡೆಯಿತು, ಪಡಸಾಲೆಯ ಪ್ರತಿಧ್ವನಿಯನ್ನೂ ತಗ್ಗಿಸಿತು. ಪರದೆಯ ಸುತ್ತ ನವಿಲು ಬರೆಯಬೇಕೆಂದಿದ್ದ ಅಜ್ಜ ಅದನ್ನು ನೋಡಿ, "ಹಂಗಾದ್ರೂ ಬಂತು" ಎಂದರು.

2024ರ ಬಸವ ಜಯಂತಿ ಮೇ 10ರಂದು ಬಂದಿತು. ಸಂಜೆ ಊರಿನಲ್ಲಿ ಭಾವಚಿತ್ರದ ಮೆರವಣಿಗೆ ಮುಗಿಸಿ ಬಂದವರು ಹದಿನೈದಿಪ್ಪತ್ತು ಜನ ಪಡಸಾಲೆಯಲ್ಲಿ ಕುಳಿತರು. ಅಜ್ಜಿಗೆ ನಡುವೆ ಕುರ್ಚಿ. ಬೆಳಕಿಂಡಿಗೆ ತಗಡು ಮುಚ್ಚಿದರು. ಮಾಸ್ತರರು ಯಂತ್ರ ಹಚ್ಚಿದರು. ಹಲಗೆಯ ಮೇಲೆ ಮೊದಲು ಬರಿಯ ಬೆಳಕು ಬಿದ್ದಿತು, ಆಮೇಲೆ ಅಕ್ಷರಗಳು, ಆಮೇಲೆ ಮುಖಗಳು. ಕಪ್ಪು ಕಪ್ಪಾಗಿತ್ತು, ಬಿಳುಪು ಬಿಳುಪಾಗಿತ್ತು. ಚಿತ್ರದ ಪ್ರತಿ ಮಾತ್ರ ಹಳೆಯದು. ಗೀರುಗಳಿದ್ದವು, ಧ್ವನಿ ಅಲ್ಲಲ್ಲಿ ಒಡೆಯುತ್ತಿತ್ತು. ಅದನ್ನು ಯಾರೂ ಲೆಕ್ಕಿಸಲಿಲ್ಲ. ಕೆಲಹೊತ್ತಿನಲ್ಲಿಯೇ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ಸೊಸೆ ನೋಡಿದರು, ನೋಡದವರಂತೆ ಕುಳಿತರು. ಹಿಂದೆ ಯಾರೋ ಮುದುಕರು ಮುಂದಿನ ಸಂಭಾಷಣೆಯನ್ನು ಮೊದಲೇ ಹೇಳತೊಡಗಿ ಬೈಸಿಕೊಂಡರು.

ಅಜ್ಜ ಮಾತ್ರ ಚಿತ್ರವನ್ನು ನೋಡುತ್ತಿರಲಿಲ್ಲ. ಅವರ ದೃಷ್ಟಿ ಹಲಗೆಯ ಬಲಭಾಗದ ಕೆಳಮೂಲೆಯಲ್ಲಿ ನೆಟ್ಟಿತ್ತು. ಬಹಳ ಹೊತ್ತಾದ ಮೇಲೆ ಮೊಮ್ಮಗಳು ಬಗ್ಗಿ, "ಏನ ನೋಡಾಕತ್ತಿ ಅಜ್ಜಾ?" ಎಂದು ಮೆಲ್ಲಗೆ ಕೇಳಿದಳು.

"ಅಲ್ಲಿ ಕುಂಚದ ಕೂದಲಾ ಒಂದು ಸಿಕ್ಕೊಂಡೈತಿ ನೋಡು. ಕಾಣ್ತೈತೇನು ನಿನಗ?"

ಅವಳು ಕಣ್ಣು ಕಿರಿದುಮಾಡಿ ನೋಡಿದಳು. ಅವಳಿಗೆ ಕಾಣಲಿಲ್ಲ, ಕಾಣಲಿಲ್ಲವೆಂದೇ ಹೇಳಿದಳು.

"ಐತಿ," ಎಂದರು ಅಜ್ಜ. "ನಾಳೆ ಮುಂಜಾನೆ ತಗೀತೇನಿ."